ಬೂದು ಹಕ್ಕಿ ಮಾರಬೇಡಿ ಮಾರಾಯ್ರೆ

ಎಲೆಚುಕ್ಕೆ ರೋಗ ಬಂದಮೇಲೆ ತೋಟದ ಜೊತೆಗೆ ಇನ್ನೊಂದು ಏನಾದ್ರೂ ಇರಲಿ ಅಂತ ನಮ್ಮ ಕಡೆ ಎಲ್ಲರೂ ಹುಡುಕ್ತಾ ಇದ್ದೇವೆ. ಕೆಲವರು ಜೇನು, ಕೆಲವರು ಕೋಳಿ, ಈಗ ಕೆಲವರು ಫಿಂಚ್ ಹಕ್ಕಿ. ಸಾಕೋದು ತಪ್ಪಲ್ಲ. ನಾನೂ ಕೊಟ್ಟಿಗೆ ಪಕ್ಕ ಜಾಲರಿ ಹೊಡೆದು ಒಂಬತ್ತು ಜೋಡಿ ಜೀಬ್ರಾ ಫಿಂಚ್ ಇಟ್ಟಿದ್ದೇನೆ. ನನ್ನ ತಕರಾರು ಇರೋದು ಈಗ ಹಿಡಿದಿರೋ ಬಣ್ಣದ ಹುಚ್ಚಿನ ಮೇಲೆ.

ಗೊತ್ತಿಲ್ಲದವರಿಗೆ ಒಂದು ಮಾತು. ಜೀಬ್ರಾ ಫಿಂಚ್ ಗುಬ್ಬಿಗಿಂತ ಸಣ್ಣ ಹಕ್ಕಿ, ಮೂಲ ಆಸ್ಟ್ರೇಲಿಯಾ. ಮೈ ಬೂದು, ಕೊಕ್ಕು ಕೆಂಪು, ಗಂಡಿಗೆ ಕೆನ್ನೆ ಮೇಲೆ ಕಿತ್ತಳೆ ಮಚ್ಚೆ. ಇದರಲ್ಲಿ ಬಿಳಿ, ಕಂದು, ಕಪ್ಪು ಕೆನ್ನೆ, ಮಚ್ಚೆ ಮಚ್ಚೆ ಹೀಗೆ ಬೇರೆ ಬಣ್ಣ ಬಂದದ್ದಕ್ಕೆ ಮ್ಯುಟೇಶನ್ ಅಂತಾರೆ. ಬೂದು ಜೋಡಿಗೆ ನೂರರ ಲೆಕ್ಕ, ಅಪರೂಪದ ಬಣ್ಣಕ್ಕೆ ಸಾವಿರದ ಲೆಕ್ಕ. ಪೇಟೆಯಿಂದ ಬರೋ ವ್ಯಾಪಾರಿ "ಬೂದು ಯಾರಿಗೂ ಬೇಡ, ಬಣ್ಣ ಇದ್ರೆ ಕೊಡಿ" ಅಂತಾನೆ. ನಮ್ಮವರು ಬೂದನ್ನೆಲ್ಲ ಸಿಕ್ಕಿದ ರೇಟಿಗೆ ಅವನಿಗೇ ಕೊಟ್ಟು, ಬಂಗಾರ ಅಡ ಇಟ್ಟು ಅವನ ಹತ್ರವೇ ಎರಡು ಜೋಡಿ ಬಣ್ಣದ ಹಕ್ಕಿ ತರ್ತಾರೆ. ಈ ವರ್ಷ ಮೂರು ಮನೇಲಿ ಇದೇ ನೋಡ್ದೆ.

ಅವನು ಕೊಟ್ಟ ಜೋಡಿ ಒಂದೇ ಗೂಡಿನ ಅಣ್ಣ ತಂಗಿ ಆಗಿರಬಹುದು. ಅದರ ಮರಿಗಳನ್ನ ಮತ್ತೆ ಅವಕ್ಕೇ ಜೋಡಿ ಮಾಡ್ತಾರೆ, ಬಣ್ಣ ತಪ್ಪಬಾರದಲ್ಲ! ಮೂರನೇ ತಲೆಗೆ ಬರೋವಾಗ ಮೊಟ್ಟೆಯೊಳಗೇ ಮರಿ ಸಾಯ್ತದೆ, ಹುಟ್ಟಿದ್ದು ಹೆಬ್ಬೆಟ್ಟಿನಷ್ಟೇ ಉಳೀತದೆ, ಆಷಾಢದ ಥಂಡಿಗೆ ಒಂದೊಂದೇ ಕಂತ್ತದೆ. ಆಗ "ಮಲೆನಾಡಿನ ಹವೆ ಆಗಲ್ಲ" ಅಂತ ದೂರು. ನಿಟ್ಟೂರಿನ ಮಳೆ ಜೋರು ಹೌದು. ಅದೇ ಮಳೆಯಲ್ಲಿ ಅದೇ ಗೂಡಿನಲ್ಲಿ ನನ್ನ ಬೂದು ಹಕ್ಕಿ ಬದುಕಿವೆಯಲ್ಲ, ಅದು ಹೆಂಗೆ?

ಬಿಳಿ ಬಣ್ಣದ ಲೆಕ್ಕ ನೋಡಿ. ಬಿಳಿ ಹಕ್ಕಿಗೆ ಬಿಳಿ ಸಂಬಂಧವೇ ಇಲ್ಲದ ಬೂದು ಹಕ್ಕಿ ಜೋಡಿ ಹಾಕಿದ್ರೆ ಹುಟ್ಟೋ ಮರಿ ಎಲ್ಲಾ ಬೂದು. ಆದ್ರೆ ಎಲ್ಲದರ ಒಳಗೂ ಬಿಳಿ ಅಡಗಿರ್ತದೆ. ಇದಕ್ಕೇ ಸ್ಪ್ಲಿಟ್ ಅನ್ನೋದು. ಸ್ಪ್ಲಿಟ್ಟಿಗೆ ಬಿಳಿ ಹಾಕಿದ್ರೆ ಅರ್ಧ ಬಿಳಿ, ಸ್ಪ್ಲಿಟ್ಟಿಗೆ ಸ್ಪ್ಲಿಟ್ ಹಾಕಿದ್ರೆ ನಾಲ್ಕರಲ್ಲಿ ಒಂದು ಬಿಳಿ. ಒಂದೇ ಗೂಡಲ್ಲಿ ಲೆಕ್ಕ ಸರಿಬರದೆ ಇರಬಹುದು, ಹತ್ತು ಗೂಡು ನೋಡಿದ್ರೆ ಹತ್ರ ಬರ್ತದೆ. ಈಗ ಬುದ್ಧಿವಂತರು ಎಂತ ಮಾಡ್ತಾರೆ? ಮೊದಲ ಗೂಡಲ್ಲಿ ಬರೀ ಬೂದು ಕಂಡ ಕೂಡಲೇ "ಮೋಸ ಹೋದೆ" ಅಂತ ಅಷ್ಟನ್ನೂ ಅಗ್ಗಕ್ಕೆ ಮಾರ್ತಾರೆ. ಅವರ ಬಿಳಿ ಹೋದದ್ದೇ ಆ ಅಗ್ಗದ ಬುಟ್ಟಿಯಲ್ಲಿ!

ಇನ್ನೊಂದು ಕಡೆ, ಸ್ಪ್ಲಿಟ್ ಜೋಡಿಯಲ್ಲಿ ಹುಟ್ಟಿದ ಬೂದು ಮರಿ ಮೂರಿದ್ದರೆ ಎರಡು ಮಾತ್ರ ಸ್ಪ್ಲಿಟ್, ಒಂದು ಬರೀ ಬೂದು. ಕಣ್ಣಿಂದ ಗುರುತು ಸಿಗಲ್ಲ, ಜೋಡಿ ಹಾಕಿ ಮರಿ ಮಾಡಿಸಿದ್ರೇ ತಿಳಿಯೋದು. ಆದ್ರೂ ಮೂರನ್ನೂ "ಗ್ಯಾರಂಟಿ ಸ್ಪ್ಲಿಟ್" ಅಂತ ಮಾರೋರಿದ್ದಾರೆ. ಕೇಳಬೇಕಾದ್ದು ಒಂದೇ ಮಾತು: ಅಪ್ಪ ಅಮ್ಮನಲ್ಲಿ ಒಂದಾದ್ರೂ ಬಿಳಿ ಇತ್ತಾ? ಇದ್ದರೆ ಎಲ್ಲಾ ಮರಿಯೂ ಸ್ಪ್ಲಿಟ್. ಎರಡೂ ಬೂದೇ ಆಗಿದ್ರೆ ಗ್ಯಾರಂಟಿ ಅನ್ನೋದು ಸುಳ್ಳು.

ಕಂದು ಬಣ್ಣದ ದಾರಿ ಬೇರೆ, ಅದು ಗಂಡು ಹೆಣ್ಣಿನ ಲೆಕ್ಕದಲ್ಲಿ ಹೋಗ್ತದೆ. ಕಂದು ಗಂಡಿಗೆ ಬೂದು ಹೆಣ್ಣು ಹಾಕಿದ್ರೆ ಹೆಣ್ಣು ಮರಿ ಎಲ್ಲಾ ಕಂದು, ಗಂಡು ಮರಿ ಎಲ್ಲಾ ಬೂದು ಸ್ಪ್ಲಿಟ್. ಹೆಣ್ಣು ಹಕ್ಕಿ ಕಂದು ಬಣ್ಣಕ್ಕೆ ಸ್ಪ್ಲಿಟ್ ಆಗೋಕೇ ಸಾಧ್ಯ ಇಲ್ಲ. "ಕಂದು ಸ್ಪ್ಲಿಟ್ ಹೆಣ್ಣು" ಅಂತ ಯಾರಾದ್ರೂ ಹೆಚ್ಚಿಗೆ ದುಡ್ಡು ಕೇಳಿದ್ರೆ ಚಾ ಕುಡಿಸಿ ಕಳಿಸಿ. ಜುಟ್ಟಿನ ಹಕ್ಕಿದು ಇನ್ನೂ ಕಷ್ಟ. ಜುಟ್ಟಿಗೆ ಜುಟ್ಟು ಹಾಕಿದ್ರೆ ನಾಲ್ಕರಲ್ಲಿ ಒಂದರ ಲೆಕ್ಕದಲ್ಲಿ ಮೊಟ್ಟೆಯಲ್ಲೇ ಸಾವು. ಅಲ್ಲೂ ಒಂದು ಕಡೆ ಜುಟ್ಟಿಲ್ಲದ ಹಕ್ಕಿ ಬೇಕೇ ಬೇಕು.

ಹೊಸ ಬಣ್ಣ ಕಂಡ ಕೂಡಲೇ ಫೋಟೋ ಹಾಕಿ ರೇಟು ಹೇಳೋರಿಗೂ ಒಂದು ಮಾತು. ಮೊದಲು ಒಂದು ಸಲ ಗರಿ ಉದುರಿ ಹೊಸದು ಬರಲಿ. ಬಿಸಿಲು ಕಾಣದೆ, ಒಂದೇ ಕಾಳು ತಿಂದು ಗರಿ ಕಪ್ಪಾಗೋದು ಈ ಜಾತಿ ಹಕ್ಕಿಗಳಲ್ಲಿ ಇದೆ. ನಮ್ಮಲ್ಲಿ ಜೂನ್ ಹಿಡಿದು ಮೂರು ತಿಂಗಳು ಬಿಸಿಲೇ ಕಾಣಲ್ಲ. ಅದು ಮ್ಯುಟೇಶನ್ ಅಲ್ಲ, ಹಕ್ಕಿಗೆ ಆರೈಕೆ ಸಾಲದು ಅಂತ ಅರ್ಥ.

"ಒಳಗೊಳಗೇ ಜೋಡಿ ಮಾಡದೆ ಬಣ್ಣ ನಿಲ್ಲಿಸೋಕೆ ಆಗ್ತದಾ" ಅಂತ ಕೇಳ್ತಾರೆ. ಪ್ರಶ್ನೆ ಸರಿ. ಒಂದೇ ಒಂದು ಬಿಳಿ ಹುಟ್ಟಿದಾಗ ಒಂದು ಸಲ ಹತ್ತಿರದ ಸಂಬಂಧ ಮಾಡಬೇಕಾಗ್ತದೆ. ಆದ್ರೆ ಆ ಒಂದು ಬಿಳಿ ಗಂಡಿಗೆ ಬೇರೆ ಬೇರೆ ಮನೆಯ ಮೂರು ಬೂದು ಹೆಣ್ಣು ಒಂದಾದಮೇಲೊಂದು ಹಾಕಿ, ಒಂದರ ಮಗನಿಗೆ ಇನ್ನೊಂದರ ಮಗಳನ್ನ ತಂದ್ರೆ ರಕ್ತ ಅರ್ಧಕ್ಕರ್ಧ ದೂರ ಆಗ್ತದೆ. ಇದಕ್ಕೆ ಪುಸ್ತಕ ಬೇಕು, ಕಾಲಿಗೆ ರಿಂಗ್ ಬೇಕು, ಎಲ್ಲಕ್ಕಿಂತ ಹೆಚ್ಚು ವರ್ಷ ಬೇಕು. ಮೂರು ತಿಂಗಳಿಗೇ ಹಕ್ಕಿ ಬೆಳೆದಂಗೆ ಕಾಣ್ತದೆ, ಆದ್ರೆ ಎಂಟು ಒಂಬತ್ತು ತಿಂಗಳಾಗದೆ ಗೂಡು ಕೊಡಬಾರದು. ಹಂಗೆ ನೋಡಿದ್ರೆ ಮೊಮ್ಮಕ್ಕಳ ಬಣ್ಣ ಕಾಣೋಕೇ ಎರಡು ವರ್ಷ. ಎರಡು ಗೂಡಲ್ಲಿ ನಾಲ್ಕು ಬಿಳಿ ಬಂದ ಕೂಡಲೇ "ತಳಿ ನಿಂತಿತು" ಅನ್ನೋದು ಶುದ್ಧ ಬುರುಡೆ. ಅದರ ಮರಿಯನ್ನ ಅದೇ ಸಾಕಬೇಕು, ಬೂದಿನಷ್ಟೇ ಮೈ ಇರಬೇಕು, ಸಂಬಂಧ ಇಲ್ಲದ ನಾಲ್ಕೈದು ಸಾಲು ಇರಬೇಕು. ಮೊಟ್ಟೆ ಎಲ್ಲಾ ಬೆಂಗಾಲಿ ಫಿಂಚ್ ಹೊಟ್ಟೆ ಕೆಳಗಿಟ್ಟು ಮರಿ ಎಬ್ಬಿಸೋದನ್ನ ನಾನು ತಳಿ ಅನ್ನಲ್ಲ.

ಬೆಂಗಾಲಿ ಅಂದದ್ದಕ್ಕೆ ನೆನಪಾಯ್ತು. ಆ ಹಕ್ಕಿಯ ಮೂಲ ಬಿಳಿಬೆನ್ನಿನ ರಾಟವಾಳ, ನಮ್ಮ ಗದ್ದೆ ಅಂಚಲ್ಲಿ ಹಿಂಡಾಗಿ ಕೂರ್ತದಲ್ಲ, ಅದೇ ಜಾತಿ. ಸುಮಾರು 250 ವರ್ಷದ ಹಿಂದೆ ಚೀನಾದಿಂದ ಜಪಾನಿಗೆ ಹೋಗಿ ಅಲ್ಲಿ ಪಂಜರದಲ್ಲೇ ತಲೆತಲಾಂತರ ಆಗಿ ಬಿಳಿ, ಕಂದು ಎಲ್ಲಾ ಬಂತು. ಅದಕ್ಕೆ ಅಷ್ಟು ಕಾಲ ಹಿಡೀತು, ಇವರಿಗೆ ಬರೋ ದೀಪಾವಳಿಗೇ ಆಗಬೇಕು. ಇನ್ನು "ಹೊಸ ರಕ್ತ ಬೇಕಾದ್ರೆ ಗದ್ದೆ ರಾಟವಾಳಕ್ಕೆ ಬಲೆ ಹಾಕಣ" ಅನ್ನೋರು ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನ ಹಿಡಿಯೋದೂ ಮಾರೋದೂ ಅಪರಾಧ. ಪೇಟೆ ಬೀದಿಯಲ್ಲಿ ಹಸಿರು, ಗುಲಾಬಿ ಬಣ್ಣದ "ಫಾರಿನ್ ಹಕ್ಕಿ" ಕಂಡ್ರೆ ನೀರು ತಾಗಿಸಿ ನೋಡಿ. ಎಷ್ಟೋ ಸಲ ಅದು ಬಣ್ಣ ಬಳಿದ ರಾಟವಾಳ.

ಜೀಬ್ರಾ ಫಿಂಚಿಗೆ ಕಾಡಿನ ರಕ್ತ ಇನ್ನು ಬರಲ್ಲ. ಆಸ್ಟ್ರೇಲಿಯಾ 1960ರಲ್ಲೇ ತನ್ನ ಹಕ್ಕಿಗಳ ರಫ್ತು ನಿಲ್ಲಿಸಿತು. ಬಿಳಿ ಜೀಬ್ರಾ ಮೊದಲು ಕಂಡದ್ದು 1921ರಲ್ಲಿ, ಸಿಡ್ನಿಯ ಒಬ್ಬರ ಪಂಜರದಲ್ಲಿ. ಅಂಥವು ಉಳಿದದ್ದು ಬೂದು ಹಕ್ಕಿಗೆ ಮತ್ತೆ ಮತ್ತೆ ಜೋಡಿ ಹಾಕಿದವರಿಂದ. ಈಗ ಕಾಡು ಹಕ್ಕಿಗೆ ಹತ್ತಿರದ್ದು ಅಂತ ನಮ್ಮ ಹತ್ರ ಇರೋದು ಆ ಬೂದು ಹಕ್ಕಿ ಒಂದೇ. ವ್ಯಾಪಾರಿಗೆ ಅದು ಬೇಡ, ಯಾಕಂದ್ರೆ ಅದು ಇದ್ದವನು ಮುಂದಿನ ವರ್ಷ ಅವನ ಹತ್ರ ಹಕ್ಕಿ ಕೇಳೋಕೆ ಹೋಗಲ್ಲ. ಗೋಟಿಗೆ ತಾಯಿಮರ ಆರಿಸೋವಾಗ ನಾವು ಹಣ್ಣಿನ ಬಣ್ಣ ನೋಡ್ತೇವಾ? ಮಲೆನಾಡು ಗಿಡ್ಡದಲ್ಲಿ ಕಪ್ಪು, ಕೆಂಪು, ಬೂದು ಎಲ್ಲಾ ಇದೆ, ಬಣ್ಣ ನೋಡಿ ಯಾರೂ ಕಟ್ಟಿಲ್ಲ. ಹಕ್ಕಿ ವಿಷಯದಲ್ಲಿ ಮಾತ್ರ ಈ ತಿಳುವಳಿಕೆ ಎಲ್ಲಿಗೆ ಹೋಯ್ತೋ.

ನನ್ನ ಹತ್ರ ಈಗ ಕಂದು ಸ್ಪ್ಲಿಟ್ ಗಂಡು ಆರು ಇದೆ, ಪುಸ್ತಕದಲ್ಲಿ ಅಪ್ಪ ಅಮ್ಮ ಎಲ್ಲಾ ಬರೆದಿದ್ದೇನೆ. ದುಡ್ಡು ಬೇಡ. ಸಾಗರ, ತೀರ್ಥಹಳ್ಳಿ ಕಡೆ ಯಾರ ಹತ್ರ ಬೇರೆ ಮೂಲದ, ಗಟ್ಟಿ ಮೈಯಿನ ಬೂದು ಹೆಣ್ಣು ಇದೆಯೋ ಅವರು ಒಂದಕ್ಕೆ ಒಂದು ಬದಲು ಮಾಡ್ಕೊಳ್ಳಿ. ಮಳೆ ಹಿಡಿಯೋ ಮುಂಚೆ ಆದ್ರೆ ಒಳ್ಳೇದು, ಆಮೇಲೆ ಹಕ್ಕಿ ಸಾಗಿಸೋದು ಕಷ್ಟ. ವ್ಯಾಪಾರಿಗೆ ಕೊಡೋಕೆ ಬುಟ್ಟಿ ಕಟ್ಟಿದವರು ಇದ್ರೆ ಒಂದು ದಿನ ತಡೀರಿ, ನಾನೇ ಬಂದು ನೋಡ್ತೇನೆ.