ಸಮುದ್ರ ಸೇರಿದ ನೀರು ವ್ಯರ್ಥವೇ?

ಪಶ್ಚಿಮಕ್ಕೆ ಹರಿಯುವ ನದಿಗಳ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಕೇಳಿಸುತ್ತದೆ: ‘ನೀರೆಲ್ಲ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ.’ ಭಾಷಣಗಳಲ್ಲಿ, ಪತ್ರಿಕೆಯ ತಲೆಬರಹಗಳಲ್ಲಿ, ಶಾಲೆಯಲ್ಲಿ ನಾನೇ ಬರೆದ ಪ್ರಬಂಧದಲ್ಲಿ ಕೂಡ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಪದಗಳನ್ನು ಅನುಮಾನಿಸಲು ಕಲಿತವರು. ಈ ‘ವ್ಯರ್ಥ’ವನ್ನು ಮಾತ್ರ ಯಾಕೆ ಪ್ರಶ್ನಿಸದೆ ಬಿಟ್ಟೆವು?

ಕುಂದಾಪುರದ ಪಕ್ಕದ ನಮ್ಮೂರಲ್ಲಿ ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಹತ್ತುತ್ತಿತ್ತು. ಮೊಟ್ಟೆ ಇಡಲು ಹೊರಟ ಮೀನು ಅದು. ಸೂಡಿ ಹಿಡಿದು, ಕತ್ತಿ ಹಿಡಿದು ಅಜ್ಜನ ಹಿಂದೆ ನಾನೂ ಓಡಿದ್ದೇನೆ. ಈಗ ಆ ಹೊಳೆಗೆ ಕಿಂಡಿ ಅಣೆಕಟ್ಟು ಬಂದಿದೆ. ಕಳೆದ ಮಳೆಗಾಲ ಅದರ ಮೇಲೆ ನಿಂತಿದ್ದಾಗ ಬಲೆ ಬೀಸುವ ನೆರೆಮನೆಯ ಮಾವ ಕೇಳಿದರು: “ಮೀನ್ ಮೇಲ್ ಹತ್ತುಕೆ ದಾರಿ ಎಲ್ಲಿತ್ ಮಾರಾಯಾ?” ಕೆಳಗೆ ಕಾಂಕ್ರೀಟ್ ಹಾಸಿನಿಂದ ನೀರು ಧುಮುಕುತ್ತಿತ್ತು. ಮೀನು ಹಾರಿ ಹಾರಿ ಅಲ್ಲಿಗೇ ಬೀಳುತ್ತಿತ್ತು. ನನ್ನಲ್ಲಿ ಉತ್ತರ ಇರಲಿಲ್ಲ.

ಹೀಗೆ ನೀರಿಗೆ ಎದುರಾಗಿ ಹಾರುವ ಮೀನು ಎಂದರೆ ನಮ್ಮ ಓರಗೆಯವರಿಗೆ ನೆನಪಾಗುವುದು ಸಾಲ್ಮನ್. ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ಮರಳುವ ಅದರ ಕಥೆಯನ್ನು ಸಾಕ್ಷ್ಯಚಿತ್ರಗಳಲ್ಲಿ ನೋಡಿ ಕಣ್ಣು ಒದ್ದೆ ಮಾಡಿಕೊಂಡಿದ್ದೇವೆ. ಅಮೆರಿಕದ ಕ್ಲಾಮತ್ ನದಿಯಲ್ಲಿ 2024ರ ಹೊತ್ತಿಗೆ ನಾಲ್ಕು ಅಣೆಕಟ್ಟುಗಳನ್ನು ಒಡೆದು ತೆಗೆದು ಮುಗಿಸಿದರು. ಅದೇ ಅಕ್ಟೋಬರಿನಲ್ಲಿ ಸಾಲ್ಮನ್ ಅಣೆಕಟ್ಟುಗಳಿದ್ದ ಜಾಗವನ್ನು ದಾಟಿ ಮೇಲೆ ಬಂತು. ಅಲ್ಲಿನ ಮೂಲನಿವಾಸಿಗಳು ದಶಕಗಳ ಕಾಲ ಅದಕ್ಕಾಗಿ ಹೋರಾಡಿದ್ದರು.

ನಮ್ಮ ಹಾವುಮೀನಿನ ಪಯಣ ಇದಕ್ಕೆ ತಿರುವುಮುರುವು. ಅದು ಕಡಲಲ್ಲಿ ಹುಟ್ಟಿ, ಎಳೆಯದಾಗಿ ಹೊಳೆ ಹತ್ತಿ, ವರ್ಷಗಟ್ಟಲೆ ಸಿಹಿನೀರಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ಕಡಲಿಗೆ ಇಳಿಯುತ್ತದೆ. ಹೊಳೆಯ ದೊಡ್ಡ ಚಟ್ಲಿಯ ಮರಿಗಳಿಗೆ ಅಳಿವೆಯ ಸವಳುನೀರು ಬೇಕು. ಸಮುದ್ರದ ಚಟ್ಲಿಯ ಮರಿಗಳೂ ಬೆಳೆಯಲು ಅಳಿವೆಯೊಳಕ್ಕೆ ಬರುತ್ತವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಸೇರುವ ಗಂಗೊಳ್ಳಿಯ ಪಂಚಗಂಗಾವಳಿ ಇಂಥದೊಂದು ತೊಟ್ಟಿಲು. ಮಳೆಗಾಲದ ಕೆಂಪು ನೀರು ಹೊತ್ತು ತರುವ ಮಣ್ಣು, ಎಲೆ, ಕೊಳೆತದ್ದೆಲ್ಲ ಆ ತೊಟ್ಟಿಲಿನ ಊಟ. ಕುಂದಾಪುರದ ಹೋಟೆಲಿನಲ್ಲಿ ನಾವು ಚಪ್ಪರಿಸುವ ಕಾಣೆ ಫ್ರೈಯ ಹಿಂದೆ ಈ ‘ವ್ಯರ್ಥ’ವಾದ ನೀರಿದೆ.

ಕಿಂಡಿ ಅಣೆಕಟ್ಟೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಉಪ್ಪುನೀರು ಏರಿ ಬಾವಿ ಕೆಟ್ಟವರ, ತೋಟ ಒಣಗಿದವರ ಕಷ್ಟ ನನ್ನ ಮನೆಯದೂ ಹೌದು. ಆದರೆ ರೈತ ಮತ್ತು ಮೀನು, ಇಬ್ಬರಲ್ಲಿ ಒಬ್ಬರು ಮಾತ್ರ ಬದುಕಬೇಕೆಂಬ ಲೆಕ್ಕ ಯಾರದು? ಮಳೆ ಹಿಡಿಯುವ ಮೊದಲೇ ಎಲ್ಲ ಹಲಗೆ ತೆಗೆಯಿರಿ. ಕಟ್ಟುವಾಗಲೇ ಒಂದು ಬದಿಗೆ ಮೀನು ಹತ್ತುವಂಥ ಇಳಿಜಾರಿನ ದಾರಿ ಬಿಡಿ. ಕಾಂಕ್ರೀಟ್ ಹಾಸು ಹೊಳೆಯ ತಳಕ್ಕೆ ಸರಿಸಮವಾಗಿರಲಿ. ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಯಲ್ಲಿ ಇಷ್ಟಕ್ಕೆ ಜಾಗವಿಲ್ಲವೆಂದರೆ ಕೊರತೆಯಿರುವುದು ಹಣಕ್ಕಲ್ಲ.

ಮೀನಿಗೆ ಮೊಟ್ಟೆಯ ಕಾಲ ಇದೆಯೆಂಬುದು ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನವರು ಆ ದಿನಗಳ ಸಂಪಾದನೆ ಬಿಟ್ಟು ಮೀನಿಗೆ ಬಿಡುವು ಕೊಡುತ್ತಾರೆ. ಅದೇ ದಿನಗಳಲ್ಲಿ ಮೇಲಿನ ತೋಡುಗಳಲ್ಲಿ ನಾವು ಗರ್ಭ ಹೊತ್ತ ಮೀನನ್ನು ಕತ್ತಿಯಲ್ಲಿ ಕಡಿದು, ಫೋಟೋ ತೆಗೆದು ಸ್ಟೇಟಸ್ ಹಾಕುತ್ತೇವೆ. ಅಜ್ಜನ ಕಾಲದಲ್ಲಿ ಮೀನಿಗೆ ಹತ್ತಲು ನೂರು ದಾರಿಗಳಿದ್ದವು. ಒಂದೆರಡರಲ್ಲಿ ನಾವು ಕಾದು ನಿಂತರೂ ಉಳಿದವು ಮೇಲೆ ಸೇರುತ್ತಿದ್ದವು. ಈಗ ಉಳಿದ ಒಂದೇ ದಾರಿಯಲ್ಲಿ ಕತ್ತಿ ಹಿಡಿದು ನಿಲ್ಲುವುದನ್ನು ಸಂಪ್ರದಾಯ ಎನ್ನಲು ನನಗೆ ನಾಚಿಕೆಯಾಗುತ್ತದೆ.

ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುತ್ತೇವೆ. ಆ ಭಕ್ತಿ ಅಲ್ಲಿನ ಮೀನನ್ನು ಉಳಿಸಿದೆ, ನಿಜ. ಆದರೆ ಮೀನಿಗೆ ಬೇಕಾದದ್ದು ಒಂದು ಗುಂಡಿಯ ಪುಣ್ಯವಷ್ಟೇ ಅಲ್ಲ, ಇಡೀ ಹೊಳೆಯ ಉದ್ದಕ್ಕೂ ದಾರಿ.

ಕೋಟದ ಕಾರಂತರು ಈ ಕರಾವಳಿಯ ಬದುಕಿನ ಕಾದಂಬರಿಗೆ ‘ಮರಳಿ ಮಣ್ಣಿಗೆ’ ಎಂದು ಹೆಸರಿಟ್ಟರು. ಮರಳುವುದು ಮನುಷ್ಯರಿಗಷ್ಟೇ ಇರುವ ಆಸೆಯಲ್ಲ. ಮುಂದಿನ ಸಲ ಯಾರಾದರೂ ವೇದಿಕೆಯ ಮೇಲಿಂದ ‘ಸಮುದ್ರ ಸೇರಿ ವ್ಯರ್ಥ’ ಎಂದಾಗ ನಾವು ಎದ್ದು ನಿಂತು ಕೇಳೋಣ: ಯಾರಿಗೆ ವ್ಯರ್ಥ? ಮಾವನ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.