ನೇತ್ರಾಣಿಯ ನೀರು ಬೇರೆ, ತಣ್ಣೀರು ಬೇರೆ

ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯಲ್ಲಿ, ಅರಕೇರಾದ ಸುತ್ತಮುತ್ತಲಿನ ಊರುಗಳಲ್ಲಿ, ಈಸು ಕಲಿಯುವ ಶಾಲೆಯೆಂದರೆ ತೋಟದ ಬಾವಿ. ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ, ಹಗ್ಗದ ಒಂದು ತುದಿಯನ್ನು ಹಿರಿಯರೊಬ್ಬರು ಹಿಡಿದು, ಹುಡುಗನನ್ನು ನೀರಿಗೆ ಬಿಡುವರು. ನಾಲ್ಕು ದಿನ ನೀರು ಕುಡಿದು ಐದನೆಯ ದಿನ ಅವನು ಕೈಕಾಲು ಬಡಿಯತೊಡಗುವನು. ಬೇಸಗೆಯ ರಜೆ ಮುಗಿಯುವಷ್ಟರಲ್ಲಿ ದಂಡೆಯಿಂದ ತಲೆಕೆಳಗಾಗಿ ಧುಮುಕಿ ತಳದ ಕಲ್ಲನ್ನು ಎತ್ತಿ ತರುವಷ್ಟು ನಿಪುಣನಾಗಿರುವನು. ಇಂತಹ ಬಾವಿಯಲ್ಲಿ ಪಳಗಿದ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ನನ್ನನ್ನು ಕಾಣಲು ಬಂದಿದ್ದ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮುಳುಗುವಿಕೆಯ ಮೊದಲ ಪ್ರಮಾಣಪತ್ರವನ್ನು ಪಡೆದಿದ್ದಾನೆ. ಹೆಚ್ಚಿನ ವ್ಯಾಸಂಗಕ್ಕಾಗಿ ಸ್ಕಾಟ್ಲೆಂಡಿಗೆ ಹೊರಟಿದ್ದಾನೆ. ಅಲ್ಲಿಯ ಸರೋವರಗಳಲ್ಲಿಯೂ ಮುಳುಗಿ ನೋಡಬೇಕೆಂಬುದು ಅವನ ಆಸೆ. ನೀರಿನ ಚಳಿಯ ವಿಷಯ ಎತ್ತಿದೊಡನೆ ಅವನು ನಕ್ಕು, “ಬಾವ್ಯಾಗ ಈಸು ಕಲ್ತಂವಗ ಯಾವ ನೀರಾದ್ರೇನ್ರಿ, ಸರ್?” ಎಂದ.

ಈ ಮಾತಿನಲ್ಲಿರುವ ಧೈರ್ಯ ನನಗೆ ಮೆಚ್ಚಿಗೆಯಾಯಿತು. ಅದರಲ್ಲಿರುವ ಭೌತಶಾಸ್ತ್ರ ಮೆಚ್ಚಿಗೆಯಾಗಲಿಲ್ಲ. ಬೆಚ್ಚನೆಯ ನೀರಿನಲ್ಲಿ ಕಲಿತ ವಿದ್ಯೆ ತಣ್ಣನೆಯ ನೀರಿಗೆ ತಾನಾಗಿಯೇ ಸಲ್ಲುವುದಿಲ್ಲ, ಚಳಿಯನ್ನು ಎದುರಿಸುವುದು ಈಸಿನ ಒಂದು ಭಾಗವಲ್ಲ, ಅದು ಬೇರೆಯೇ ಒಂದು ವಿದ್ಯೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆ ಹುಡುಗನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ನಾಡಿನಿಂದ ಚಳಿದೇಶಗಳಿಗೆ ಓದಲು ಹೋಗುವ ತರುಣರು ಇಂದು ಬಹಳ ಮಂದಿ. ಅವರಲ್ಲಿ ಈಸು ಬಲ್ಲವರೂ, ಬಲ್ಲೆವೆಂಬ ಹೆಮ್ಮೆಯುಳ್ಳವರೂ ಕಡಿಮೆಯಲ್ಲ.

ಮೊದಲು ನಮ್ಮ ಬಾವಿಯನ್ನೇ ಪರೀಕ್ಷಿಸೋಣ. ವೈಶಾಖದ ಮಧ್ಯಾಹ್ನ, ಹೊರಗೆ 42 ಡಿಗ್ರಿ ಬಿಸಿಲಿರುವಾಗ, ಬಾವಿಯ ನೀರು ಹಿಮದಂತೆ ತಂಪು ಎನ್ನುತ್ತೇವೆ. ಪುಷ್ಯಮಾಸದ ಬೆಳಗಿನಲ್ಲಿ ಅದೇ ನೀರು ಕಾಯಿಸಿದಂತೆ ಬೆಚ್ಚಗಿದೆ ಎನ್ನುತ್ತೇವೆ. ಬಾವಿ ನಮಗಾಗಿ ಋತುವಿಗೊಂದು ವೇಷ ಹಾಕುತ್ತಿದೆಯೆ? ಇಲ್ಲ. ನೆಲದಿಂದ ಕೆಲವು ಮೀಟರು ಕೆಳಗೆ ಹೋದಂತೆ ಬೇಸಗೆ ಚಳಿಗಾಲಗಳ ಏರಿಳಿತ ಕುಗ್ಗುತ್ತ ಬಂದು, ಅಲ್ಲಿಯ ಉಷ್ಣತೆ ಆ ಊರಿನ ವರ್ಷದ ಸರಾಸರಿ ಉಷ್ಣತೆಯ ಸಮೀಪದಲ್ಲಿ ನಿಂತುಬಿಡುತ್ತದೆ. ರಾಯಚೂರಿನ ಕಡೆ ಈ ಸರಾಸರಿ ಸುಮಾರು 27–28 ಡಿಗ್ರಿ. ಬಿಸಿಲಿನಲ್ಲಿ ಬೆಂದು ಬಂದ ಚರ್ಮಕ್ಕೆ ಅದು ತಂಪು, ಚಳಿಯಲ್ಲಿ ನಡುಗಿ ಬಂದ ಚರ್ಮಕ್ಕೆ ಅದು ಬಿಸಿ. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚನೆಯ ನೀರಿನ ಒಂದೇ ಬೋಗುಣಿಯಲ್ಲಿ ಅದ್ದಿದರೆ, ಒಂದೇ ನೀರು ಒಂದು ಕೈಗೆ ತಂಪಾಗಿಯೂ ಮತ್ತೊಂದಕ್ಕೆ ಬಿಸಿಯಾಗಿಯೂ ತೋರುತ್ತದೆಂಬುದನ್ನು ಹದಿನೇಳನೆಯ ಶತಮಾನದಲ್ಲಿಯೇ ಜಾನ್ ಲಾಕ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ ಚರ್ಚಿಸಿದ್ದನು. ಚರ್ಮ ಉಷ್ಣಮಾಪಕವಲ್ಲ, ಅದು ಹೋಲಿಸಿ ನೋಡುತ್ತದೆಯೇ ಹೊರತು ಅಳೆಯುವುದಿಲ್ಲ. ಆದುದರಿಂದ “ನಾನು ಎಷ್ಟೋ ತಣ್ಣೀರು ಕಂಡಿದ್ದೇನೆ” ಎಂದು ಅರಕೇರಾದ ಹುಡುಗ ಹೇಳಿದರೆ ಅದರ ಅರ್ಥ ಇಷ್ಟೇ: ಅವನು 27 ಡಿಗ್ರಿಯ ನೀರನ್ನು ಕಂಡಿದ್ದಾನೆ.

ನೇತ್ರಾಣಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ, ಅಕ್ಟೋಬರಿನಿಂದ ಮೇ ವರೆಗೆ, ಅಲ್ಲಿ ಮುಳುಗುವಿಕೆ ನಡೆಯುತ್ತದೆ. ಆಗ ಅಲ್ಲಿಯ ನೀರು ಸುಮಾರು 27–29 ಡಿಗ್ರಿ. ಬಾವಿಯಿಂದ ಕಡಲಿಗೆ ಹೋದ ನಮ್ಮ ವಿದ್ಯಾರ್ಥಿ ಉಪ್ಪನ್ನು ಕಂಡ, ಅಲೆಯನ್ನು ಕಂಡ, ಬಣ್ಣಬಣ್ಣದ ಮೀನುಗಳನ್ನು ಕಂಡ; ಹೊಸ ಚಳಿಯನ್ನು ಮಾತ್ರ ಕಾಣಲಿಲ್ಲ. ಅವನ ಪ್ರಮಾಣಪತ್ರ ಅವನನ್ನು 18 ಮೀಟರು ಆಳದವರೆಗೆ ಹೋಗಲು ಅರ್ಹನೆಂದು ಹೇಳುತ್ತದೆ. ಎಷ್ಟು ಡಿಗ್ರಿಯ ನೀರಿನಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಆ ಮೌನವೇ ನನಗೆ ಅಪಾಯಕಾರಿಯಾಗಿ ತೋರುತ್ತದೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಆಳದಲ್ಲಿ ನೀರು ವರ್ಷವೆಲ್ಲ ಸುಮಾರು 5–6 ಡಿಗ್ರಿಯಲ್ಲಿರುತ್ತದೆ. ಬ್ರಿಟನ್ನಿನ ಸುತ್ತಲಿನ ಕಡಲಿನ ಸರಾಸರಿ ಉಷ್ಣತೆ 12 ಡಿಗ್ರಿ ಎಂದು ಅಲ್ಲಿಯ ಜೀವರಕ್ಷಕ ದೋಣಿಗಳ ಸಂಸ್ಥೆ ಜನರನ್ನು ಎಚ್ಚರಿಸುತ್ತದೆ. ಹಳೆಯ ಪತ್ರವನ್ನು ಹೊಸ ನೀರಿಗೆ ತೋರಿಸಿ ಏನು ಪ್ರಯೋಜನ?

ನೀರು ನಮ್ಮ ದೇಹದ ಶಾಖವನ್ನು ಗಾಳಿಗಿಂತ ಎಷ್ಟೋ ಪಾಲು ವೇಗವಾಗಿ ಕಸಿದುಕೊಳ್ಳುತ್ತದೆ. ನೀರಿನ ಶಾಖವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಾಲು ಹೆಚ್ಚು. ಅಷ್ಟೇ ಅಲ್ಲ, ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ, ಒಂದು ಲೀಟರು ಗಾಳಿಗೆ ಬೇಕಾದುದಕ್ಕಿಂತ ಸುಮಾರು 3,500 ಪಾಲು. 12 ಡಿಗ್ರಿಯ ಗಾಳಿಯಲ್ಲಿ ಅಂಗಿ ತೊಟ್ಟು ನಡೆಯುವವನಿಗೂ 12 ಡಿಗ್ರಿಯ ನೀರಿನಲ್ಲಿ ಬರಿಮೈಯಲ್ಲಿ ಇರುವವನಿಗೂ ಸಾಮ್ಯವೇ ಇಲ್ಲ. ಇನ್ನು ಕಳೆದುಕೊಳ್ಳಬಹುದಾದ ಶಾಖದ ಬಂಡವಾಳವಾದರೂ ನಮ್ಮಲ್ಲಿ ಎಷ್ಟಿದೆ? 60 ಕಿಲೋಗ್ರಾಂ ತೂಕದ ತರುಣನ ದೇಹವನ್ನು ಒಟ್ಟಾರೆ ಎರಡು ಡಿಗ್ರಿ ತಣಿಸಲು ತೆಗೆಯಬೇಕಾದ ಶಾಖ ಸುಮಾರು 420 ಕಿಲೋಜೂಲು. ಹತ್ತು ಲೀಟರು ಹಿಡಿಯುವ ಹತ್ತು ಕೊಡ ನೀರನ್ನು ಒಂದೇ ಒಂದು ಡಿಗ್ರಿ ಬಿಸಿಮಾಡಲು ಇದು ಸರಿಯಾಗಿ ಸಾಕು! ದೇಹದ ಒಳಗಿನ ಉಷ್ಣತೆ 37ರಿಂದ 35 ಡಿಗ್ರಿಗಿಂತ ಕೆಳಗೆ ಇಳಿದರೆ ವೈದ್ಯರು ಅದನ್ನು ಶೈತ್ಯಾಘಾತವೆಂದು ಕರೆಯುತ್ತಾರೆ. ಹತ್ತು ಕೊಡ ನೀರಿನ ಮುಂದೆ ಒಂದು ಸರೋವರ ಎಷ್ಟೆಂದು ವಾಚಕರೇ ಊಹಿಸಿಕೊಳ್ಳಬಹುದು.

ಆದರೆ ಮೊದಲ ಅಪಾಯ ಇದಲ್ಲ. ದೇಹ ತಣಿಯಲು ಸಮಯ ಬೇಕು. ಉಸಿರು ತಪ್ಪಲು ಸಮಯ ಬೇಕಿಲ್ಲ. ಸುಮಾರು 15 ಡಿಗ್ರಿಗಿಂತ ತಣ್ಣನೆಯ ನೀರು ಚರ್ಮಕ್ಕೆ ಥಟ್ಟನೆ ತಗಲಿದಾಗ, ನಮ್ಮ ಇಚ್ಛೆಯನ್ನು ಕೇಳದೆಯೇ ಎದೆ ಒಮ್ಮೆಲೇ ಉಸಿರನ್ನು ಒಳಕ್ಕೆ ಸೆಳೆಯುತ್ತದೆ, ಆಮೇಲೆ ಏದುಸಿರು ಬರುತ್ತದೆ, ಹೃದಯ ನಗಾರಿಯಂತೆ ಬಡಿಯುತ್ತದೆ. ಬಾವಿಯಲ್ಲಿ ಒಂದು ನಿಮಿಷ ಉಸಿರು ಕಟ್ಟಬಲ್ಲವನು ಅಲ್ಲಿ ಕೆಲವೇ ಸೆಕೆಂಡು ಕಟ್ಟಿಯಾನು. ತಲೆ ನೀರಿನೊಳಗಿದ್ದಾಗ ಆ ಮೊದಲ ಉಸಿರು ಬಂದರೆ ಶ್ವಾಸಕೋಶಕ್ಕೆ ಹೋಗುವುದು ನೀರೇ. ಇದರಲ್ಲಿ ಧೈರ್ಯ ಅಧೈರ್ಯಗಳ ಮಾತಿಲ್ಲ. ಮೊಣಕಾಲಿಗೆ ತಟ್ಟಿದರೆ ಕಾಲು ಜಿಗಿಯುವಂತೆ ಇದು ನರಗಳ ಕೆಲಸ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ, ಹಿಮದಷ್ಟು ತಣ್ಣನೆಯ ನೀರಿಗೆ ಬಿದ್ದವರ ವಿಷಯದಲ್ಲಿ ಮೂರು ಅಂಕಿಗಳನ್ನು ನೆನಪಿಡಲು ಹೇಳುತ್ತಾರೆ: ಒಂದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ. ಉಸಿರು ಹತೋಟಿಗೆ ಬರಲು ಒಂದು ನಿಮಿಷ. ಕೈಕಾಲುಗಳು ಹೇಳಿದಂತೆ ಕೇಳುವುದು ಹತ್ತು ನಿಮಿಷ. ಶೈತ್ಯದಿಂದ ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ಈಸಿನ ಹೆಮ್ಮೆಯುಳ್ಳವನು ಸಾಮಾನ್ಯವಾಗಿ ಕೊನೆಯ ಅಂಕಿಗೆ ಹೆದರುತ್ತಾನೆ. ಪ್ರಾಣ ಹೋಗುವುದು ಬಹಳ ಸಲ ಮೊದಲಿನ ಎರಡರಲ್ಲಿ. ಬ್ರಿಟನ್ನಿನ ದೋಣಿ ಸಂಸ್ಥೆ ಕೊಡುವ ಸಲಹೆಯೂ ಇದಕ್ಕೆ ತಕ್ಕುದಾಗಿದೆ: ಬಿದ್ದೊಡನೆ ಈಸಲು ಹವಣಿಸಬೇಡಿ, ಮೊದಲು ಅಂಗಾತ ತೇಲಿ, ಉಸಿರು ಇಳಿಯಲಿ.

ಸ್ಕೂಬಾ ಮುಳುಗುಗಾರನಿಗೆ ಬಾಯಲ್ಲಿ ಗಾಳಿಯ ಕೊಳವೆಯಿರುತ್ತದಲ್ಲ, ಅವನಿಗೇನು ಭಯ ಎಂದು ಕೇಳಬಹುದು. ಕೊಳವೆ ಇದ್ದರೂ ಏದುಸಿರು ತಪ್ಪುವುದಿಲ್ಲ. ನೇತ್ರಾಣಿಯಲ್ಲಿ ಮುಕ್ಕಾಲು ಗಂಟೆ ಬರುತ್ತಿದ್ದ ಗಾಳಿ ಇಲ್ಲಿ ಬೇಗ ಬರಿದಾಗುತ್ತದೆ. ಬೆರಳುಗಳು ಮರಗಟ್ಟಿದರೆ ಪಟ್ಟಿಯ ಕೊಂಡಿಯನ್ನು ಬಿಚ್ಚುವುದೇ ದುಸ್ತರ. ಉಪಕರಣಗಳೂ ಚಳಿಗೆ ಬೇರೆ ಬಗೆಯಾಗಿ ವರ್ತಿಸುತ್ತವೆ. ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿ ರೆಗ್ಯುಲೇಟರಿನ ಮೂಲಕ ಹಿಗ್ಗುವಾಗ ತಾನೇ ತಣಿಯುತ್ತದೆ. ಸುತ್ತಣ ನೀರು 10 ಡಿಗ್ರಿಗಿಂತ ಕೆಳಗಿದ್ದರೆ ಆ ಭಾಗದಲ್ಲಿ ಹಿಮ ಕಟ್ಟಿ, ಕವಾಟ ತೆರೆದೇ ನಿಂತು, ಗಾಳಿಯೆಲ್ಲ ಗುಳುಗುಳನೆ ಹೊರಬರುವುದುಂಟು. ಅದಕ್ಕಾಗಿಯೇ ತಣ್ಣೀರಿಗೆ ಬೇರೆ ರೆಗ್ಯುಲೇಟರುಗಳಿವೆ. ಇನ್ನೊಂದು ಸಣ್ಣ ಲೆಕ್ಕ, ಪರೀಕ್ಷೆಗೂ ಬಂದೀತು: 40 ಡಿಗ್ರಿಯ ಕೋಣೆಯಲ್ಲಿ 200 ವಾಯುಭಾರ ತೋರಿಸಿದ ಸಿಲಿಂಡರು 10 ಡಿಗ್ರಿಯ ನೀರಿನಲ್ಲಿ ಎಷ್ಟು ತೋರಿಸುವುದು? 200ನ್ನು 283ರಿಂದ ಗುಣಿಸಿ 313ರಿಂದ ಭಾಗಿಸಿರಿ, ಸುಮಾರು 181. ಗಾಳಿ ಎಲ್ಲಿಯೂ ಸೋರಿಲ್ಲ, ಆದರೆ ಮುಳ್ಳು ಇಳಿದುದನ್ನು ಕಂಡು ಗಾಬರಿಯಾಗುವವನು ಸೋರಿದುದಕ್ಕಿಂತ ಹೆಚ್ಚು ಗಾಳಿಯನ್ನು ಗಾಬರಿಯಲ್ಲಿಯೇ ಕಳೆಯುತ್ತಾನೆ.

ಉಡುಪಿನ ವಿಷಯದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಸಂತೋಷದ ಸಂಗತಿಯಿದೆ. ಕುಸ್ಟೋ ಮತ್ತು ಗಾನ್ಯಾ ಎಂಬ ಫ್ರೆಂಚರು 1943ರಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಉಪಕರಣವನ್ನು ಸಿದ್ಧಪಡಿಸಿದ ಮೇಲೆ, ಮುಳುಗುಗಾರನನ್ನು ಕಾಡುತ್ತಿದ್ದ ಮುಖ್ಯ ತೊಂದರೆ ಚಳಿಯೇ ಆಗಿತ್ತು. ಅದಕ್ಕೆ ಪರಿಹಾರ ಕಂಡವರಲ್ಲಿ ಅಗ್ರಗಣ್ಯನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯೂ ಬ್ರ್ಯಾಡ್ನರ್, ಒಬ್ಬ ಭೌತವಿಜ್ಞಾನಿ. ಬೆಚ್ಚಗಿರಬೇಕಾದರೆ ಮೈ ಒದ್ದೆಯಾಗದೆ ಇರಲೇಬೇಕೆಂದು ಎಲ್ಲರೂ ನಂಬಿದ್ದರು. ಮೈ ಒದ್ದೆಯಾದರೇನು, ಶಾಖವನ್ನು ತಡೆಯುವುದು ಉಡುಪಿನೊಳಗೆ ಸೆರೆಯಾದ ಗಾಳಿ ತಾನೆ ಎಂದು ಅವನು 1951–52ರ ಸುಮಾರಿಗೆ ವಾದಿಸಿದನು. ನಿಯೋಪ್ರೀನ್ ಎಂಬ ನೊರೆರಬ್ಬರಿನ ವೆಟ್‌ಸೂಟ್ ಹುಟ್ಟಿದುದು ಹೀಗೆ. ನಮ್ಮ ಕಂಬಳಿಯೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ, ಉಣ್ಣೆಗಿಂತ ಉಣ್ಣೆಯ ನಡುವಣ ಗಾಳಿಯೇ ಅಲ್ಲಿ ಕಾವಲುಗಾರ.

ಆದರೆ ಈ ಕಂಬಳಿ ಆಳಕ್ಕೆ ಹೋದಂತೆ ತೆಳುವಾಗುತ್ತದೆ! 10 ಮೀಟರು ಆಳದಲ್ಲಿ ಒತ್ತಡ ಎರಡು ವಾಯುಭಾರ. ಬಾಯಲ್ ನಿಯಮದಂತೆ ಗುಳ್ಳೆಗಳ ಗಾತ್ರ ಹೆಚ್ಚು ಕಡಿಮೆ ಅರ್ಧ. 30 ಮೀಟರಿನಲ್ಲಿ ಕಾಲು ಭಾಗ. ನೀರು ಹೆಚ್ಚು ತಣ್ಣಗಿರುವ ಕಡೆಯಲ್ಲಿಯೇ ಉಡುಪು ಹೆಚ್ಚು ತೆಳ್ಳಗಾಗುತ್ತದೆ. ಅದರೊಡನೆ ತೇಲುವ ಶಕ್ತಿಯೂ ಕುಗ್ಗುತ್ತದೆ. ನೇತ್ರಾಣಿಯಲ್ಲಿ 3 ಮಿಲಿಮೀಟರು ದಪ್ಪದ ಉಡುಪು ಧಾರಾಳವಾಗಿ ಸಾಕು. ತಣ್ಣೀರಿಗೆ 7 ಮಿಲಿಮೀಟರು, ತಲೆಗೆ ಕುಲಾವಿ, ಕೈಗೆ ಗವಸು ಬೇಕು. ಇಷ್ಟೊಂದು ರಬ್ಬರು ಮೇಲಕ್ಕೆ ಎತ್ತುವುದರಿಂದ ಸೊಂಟಕ್ಕೆ ಸೀಸದ ತೂಕವನ್ನು ಹೆಚ್ಚಿಸಬೇಕು. ಮೇಲ್ಮೈಯಲ್ಲಿ ಸರಿಯಾಗಿದ್ದ ಆ ತೂಕ, ರಬ್ಬರು ಕುಗ್ಗಿದ ಆಳದಲ್ಲಿ ಅತಿಯಾಗಿ ಕೆಳಕ್ಕೆಳೆಯುತ್ತದೆ. ಇನ್ನೂ ತಣ್ಣನೆಯ ನೀರಿಗೆ, ಒಳಗೆ ನೀರೇ ನುಗ್ಗದ ಡ್ರೈಸೂಟ್ ಎಂಬ ಉಡುಪುಂಟು. ಐಸ್‌ಲ್ಯಾಂಡಿನ ಸಿಲ್‌ಫ್ರಾ ಎಂಬ ಬಿರುಕಿನಲ್ಲಿ, 2–4 ಡಿಗ್ರಿಯ ನೀರಿನಲ್ಲಿ, ಪ್ರವಾಸಿಗಳೂ ಅದನ್ನು ತೊಟ್ಟು ಮುಳುಗುತ್ತಾರೆ. ಅದರೊಳಗಿನ ಗಾಳಿಯನ್ನು ತುಂಬಿ ಬಿಡುವುದನ್ನು ಬೇರೆಯಾಗಿಯೇ ಕಲಿಯಬೇಕು. ಕಲಿಯದೆ ತೊಟ್ಟವನ ಕಾಲಿನ ಕಡೆಗೆ ಗಾಳಿ ಸೇರಿದರೆ ಅವನು ತಲೆಕೆಳಗಾಗಿ ಮೇಲಕ್ಕೆ ಚಿಮ್ಮಿಯಾನು. ಮೇಲೇರುವ ವೇಳೆ ಮೈ ತಣಿದಿದ್ದರೆ ಕೈಕಾಲುಗಳ ರಕ್ತನಾಳಗಳು ಸಂಕೋಚಗೊಂಡು, ಕರಗಿದ ಸಾರಜನಕ ಹೊರಹೋಗುವುದು ತಡವಾಗುತ್ತದೆ. ಆದುದರಿಂದ ತಣ್ಣೀರಿನಲ್ಲಿ ಆಳವನ್ನೂ ಹೊತ್ತನ್ನೂ ಕಡಿಮೆ ಮಾಡಬೇಕೆಂಬುದು ಅನುಭವಿಗಳ ಮತ.

ನನ್ನ ವಾದಕ್ಕೆ ಒಂದು ಒಳ್ಳೆಯ ಆಕ್ಷೇಪವಿದೆ, ಅದನ್ನು ಆ ವಿದ್ಯಾರ್ಥಿಯೇ ಎತ್ತಿದ. ಬಂಗಾಳದ ಮಿಹಿರ್ ಸೇನ್ 1958ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಸಿ ದಾಟಲಿಲ್ಲವೆ? ಮರುವರ್ಷವೇ ಆರತಿ ಸಾಹಾ ದಾಟಲಿಲ್ಲವೆ? ಅವರೂ ಬೆಚ್ಚನೆಯ ನೀರಿನವರೇ ಅಲ್ಲವೆ? ನಿಜ. ಆದರೆ ಇಬ್ಬರೂ ಮೊದಲ ಯತ್ನದಲ್ಲಿಯೇ ಗೆಲ್ಲಲಿಲ್ಲ. ಆ ತಣ್ಣೀರಿಗೆ ಮತ್ತೆ ಮತ್ತೆ ಇಳಿದ ಮೇಲೆ ಗೆದ್ದರು. ಚಳಿ ಬೇರೆಯೇ ವಿದ್ಯೆ ಎಂಬುದಕ್ಕೆ ನಾನು ಅವರನ್ನೇ ಸಾಕ್ಷಿಯಾಗಿ ಕರೆಯುತ್ತೇನೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದ ಮೈಕ್ ಟಿಪ್ಟನ್ ಮತ್ತು ಅವರ ಸಂಗಡಿಗರ ಪ್ರಯೋಗಗಳಲ್ಲಿ, ತಣ್ಣೀರಿನಲ್ಲಿ ಎರಡು ಮೂರು ನಿಮಿಷಗಳಂತೆ ಐದಾರು ಸಲ ಇಳಿದವರಿಗೆ ಆ ಮೊದಲ ಏದುಸಿರು ಸುಮಾರು ಅರ್ಧಕ್ಕೆ ಇಳಿಯಿತು. ಐದಾರು ಸಲ! ಒಂದು ವಾರದ ಕೆಲಸ. ಇಷ್ಟು ಅಗ್ಗದ ವಿದ್ಯೆಯನ್ನು ಹೆಮ್ಮೆಗಾಗಿ ಬಿಟ್ಟುಬಿಡುವುದು ನನಗಂತೂ ಅರ್ಥವಾಗದು. ಆದರೆ ಈ ಅಭ್ಯಾಸ ಉಸಿರನ್ನು ಪಳಗಿಸುತ್ತದೆಯೇ ಹೊರತು ಶಾಖದ ನಷ್ಟವನ್ನು ನಿಲ್ಲಿಸುವುದಿಲ್ಲ. ಅದಕ್ಕೆ ರಬ್ಬರೇ ಬೇಕು. ಒಂದು ಗುಟುಕು ಮದ್ಯ ಕುಡಿದರೆ ಬೆಚ್ಚಗಾಗುತ್ತದೆಂಬ ಮಾತಂತೂ ಶುದ್ಧ ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಕ್ಕೆ ತಂದು ಸುರಿಯುತ್ತದೆ. ಬೆಚ್ಚಗೆನಿಸುವುದು ಚರ್ಮಕ್ಕೆ, ತಣ್ಣಗಾಗುವುದು ಹೃದಯ.

ಮುಳುಗುಗಾರರ ದಿನಚರಿ ಪುಸ್ತಕದಲ್ಲಿ ಆಳಕ್ಕೂ ಕಾಲಕ್ಕೂ ಕಲಮುಗಳಿರುವಂತೆ ನೀರಿನ ಉಷ್ಣತೆಗೂ ಒಂದು ಕಲಮು ಇರುತ್ತದೆ. ನನ್ನ ವಿದ್ಯಾರ್ಥಿಯ ಪುಸ್ತಕದಲ್ಲಿ ಅದು ಖಾಲಿಯಾಗಿತ್ತು. ಅವನ ತಪ್ಪೆಂದು ಹೇಳಲಾರೆ, ಉಷ್ಣಮಾಪಕವನ್ನು ಪ್ರಯೋಗಶಾಲೆಯ ಬೀಕರಿನಿಂದ ಹೊರಗೆ ತೆಗೆಯಲು ನಾವು ಅಧ್ಯಾಪಕರು ಎಂದಾದರೂ ಹೇಳಿದ್ದೇವೆಯೆ? ಸ್ಕಾಟ್ಲೆಂಡಿಗೆ ಹೋದಮೇಲೆ ಅಲ್ಲಿಯ ಶಿಕ್ಷಕರ ಬಳಿ ಮತ್ತೆ ಮೊದಲಿನಿಂದ, ಸೊಂಟಮಟ್ಟದ ನೀರಿನಿಂದ, ಕಲಿಯುವುದಾಗಿ ಅವನು ಒಪ್ಪಿದ್ದಾನೆ. ಹೊರಡುವ ಮುಂಚೆ ಅರಕೇರಾದ ತಮ್ಮ ಬಾವಿಯನ್ನು ಅಳೆಯಲು ಒಂದು ಉಷ್ಣಮಾಪಕವನ್ನು ಕೇಳಿ ಒಯ್ದ.

ಅಳೆಯುವ ಕ್ರಮ ಸುಲಭ. ಬಾವಿಯಿರುವ ಊರಿನ ಯಾವ ವಿದ್ಯಾರ್ಥಿಯೂ ಮಾಡಬಹುದು, ಮಾಡುವಾಗ ದಂಡೆಯಲ್ಲಿ ಹಿರಿಯರೊಬ್ಬರಿರಲಿ. ಬಿರಡೆಯುಳ್ಳ ಗಾಜಿನ ಬಾಟಲಿಗೆ ಕಲ್ಲು ಕಟ್ಟಿ ಒಂದು ಹಗ್ಗದಿಂದ ಇಳಿಬಿಡಿರಿ, ಬಿರಡೆಗೆ ಬೇರೊಂದು ದಾರ ಕಟ್ಟಿರಿ. ಬೇಕಾದ ಆಳ ಮುಟ್ಟಿದಾಗ ದಾರವನ್ನು ಜಗ್ಗಿದರೆ ಅಲ್ಲಿಯ ನೀರು ಬಾಟಲಿಗೆ ತುಂಬುವುದು. ಐದು ನಿಮಿಷ ಹಾಗೆಯೇ ಬಿಟ್ಟು, ಬೇಗನೆ ಮೇಲೆ ಸೆಳೆದು, ಉಷ್ಣಮಾಪಕವನ್ನು ಅದ್ದಿ ಓದಿರಿ. ವೈಶಾಖದಲ್ಲಿ ಒಮ್ಮೆ, ಪುಷ್ಯದಲ್ಲಿ ಒಮ್ಮೆ, ಮೇಲಿನ ನೀರನ್ನೂ ತಳದ ನೀರನ್ನೂ ಅಳೆದು ನಾಲ್ಕು ಅಂಕಿಗಳನ್ನು ಬರೆದಿಡಿರಿ. ಓದುವ ಮುನ್ನ ಕೈಯಿಂದ ಮುಟ್ಟಿ ನಿಮ್ಮ ಊಹೆಯನ್ನೂ ಅವುಗಳ ಪಕ್ಕದಲ್ಲಿ ಬರೆಯುವುದನ್ನು ಮರೆಯಬೇಡಿರಿ.