ಸವಾಲಿಗೆ ನಿಲ್ಲುವವರನ್ನು ಓಡಿಸಿದರೆ ಲುಕ್ಸಾನು ಯಾರಿಗೆ?



ದ್ವೇಷದ ರಾಜಕಾರಣ ಪಟ್ಟಣದವರ ಜಗಳ, ನಮಗೇನು ಸಂಬಂಧ ಅನ್ನೋರು ಇರಕಲ್ಲಗಡದ ಕಟ್ಟೆ ಮೇಲೂ ಇದ್ದಾರೆ. ಸಂಬಂಧ ಐತಿ. ಲೆಕ್ಕ ಹಾಕಿ ನೋಡೋಣ.

2022ರ ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬೇಡಿ ಎಂಬ ಕೂಗು ಎದ್ದಿತು. ಅದನ್ನು ತಡೆಯಬೇಕಾದ ಸರ್ಕಾರ ವಿಧಾನಸಭೆಯಲ್ಲಿ 2002ರ ನಿಯಮವೊಂದನ್ನು ಮುಂದಿಟ್ಟಿತು: ದೇವಸ್ಥಾನದ ಹತ್ತಿರದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು. ಆ ನಿಯಮ ಮಾಡಿದಾಗ ಇದ್ದದ್ದು ಇನ್ನೊಂದು ಪಕ್ಷದ ಸರ್ಕಾರ. ಬೀದಿಯ ಮಾತು ಸದನದ ಮಾತಾಗುವುದು ಹೀಗೆ. ಏಪ್ರಿಲ್ 9ರಂದು ಧಾರವಾಡದ ನುಗ್ಗಿಕೇರಿ ಹನುಮಪ್ಪನ ಗುಡಿ ಹತ್ತಿರ ಮುಸ್ಲಿಂ ವ್ಯಾಪಾರಿಯೊಬ್ಬನ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದರು. ಆ ಬಡವನ ಹೊಟ್ಟೆ ಮೇಲೆ ಹೊಡೆದದ್ದು ಮೊದಲ ಅನ್ಯಾಯ. ಎರಡನೆಯದು, ಹಣ್ಣು ಬೆಳೆದ ರೈತ ಯಾರು ಅಂತ ಒಡೆದವರು ಕೇಳಿದರೇನು? ಅದೇ ತಿಂಗಳು ಮುಸ್ಲಿಂ ವ್ಯಾಪಾರಿಗಳ ಜೊತೆ ಮಾವಿನ ವ್ಯವಹಾರ ಬೇಡ ಎಂಬ ಕರೆಯೂ ಬಂತು.

ಸವಾಲಿಗೆ ಹತ್ತು ಮಂದಿ ನಿಂತರೆ ಒಂದು ಧಾರಣೆ, ಆರು ಮಂದಿ ನಿಂತರೆ ಇನ್ನೊಂದು. ನಾಲ್ವರನ್ನು ಓಡಿಸಿದವರು ನಮ್ಮ ಬ್ಯಾಂಕಿನ ಬಡ್ಡಿ ಕಟ್ತಾರೇನು? 2021ರಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆ ಬಂತು; ಮುದಿ ಎತ್ತು ಮಾರಿ ಆ ದುಡ್ಡಿಗೆ ಇನ್ನಷ್ಟು ಕೂಡಿಸಿ ಹೊಸ ಜೋಡಿ ತರುವ ದಾರಿ ಮುಚ್ಚಿತು. ಭಕ್ತಿ ಅವರದು, ಮೇವಿನ ಖರ್ಚು ನಮ್ಮದು!

ಜರ್ಮನಿಯ ಕಥೆ ಕೇಳಿ. 1920ರ ದಶಕದ ಕೊನೆಗೆ ಅಲ್ಲಿ ಧಾರಣೆ ಬಿದ್ದು, ಸಾಲಕ್ಕೆ ರೈತರ ಹೊಲ ಹರಾಜಾದವು. ನಿಮ್ಮ ಸಾಲಕ್ಕೆ ಯಹೂದಿಯೇ ಕಾರಣ ಅಂದರು ಹಿಟ್ಲರನವರು. 1932ರ ಜುಲೈ ಚುನಾವಣೆಯಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ರೈತರ ಸೀಮೆ ಅರ್ಧಕ್ಕಿಂತ ಹೆಚ್ಚು ಮತ ಅವನಿಗೆ ಕೊಟ್ಟಿತು. ನಾವು ಅವನನ್ನು ಹದ್ದುಬಸ್ತಿನಲ್ಲಿ ಇಡ್ತೀವಿ ಅಂದುಕೊಂಡ ಹಳೆಯ ಮುಖಂಡರೇ 1933ರ ಜನವರಿಯಲ್ಲಿ ಅವನನ್ನು ಕುರ್ಚಿಗೆ ಕೂಡಿಸಿದರು. ಅದೇ ಸೆಪ್ಟೆಂಬರಿನ ಕಾಯಿದೆ, ಕುಟುಂಬದ ಹೊಲವನ್ನು ಮಾರುವ, ಅಡವಿಡುವ ಹಕ್ಕನ್ನೇ ರೈತನಿಂದ ಕಿತ್ತುಕೊಂಡಿತು. ದನದ ವ್ಯಾಪಾರ ಮಾಡುತ್ತಿದ್ದ ಯಹೂದಿಗಳನ್ನು ಊರು ಬಿಡಿಸಿದರು. ಕೊನೆಗೆ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. ರೈತರ ಮಕ್ಕಳು ಯುದ್ಧದಲ್ಲಿ ಸತ್ತರು.

ನಮ್ಮದು ಅಲಾಯಿ ದೇವರಿಗೆ ಎಲ್ಲಾ ಜಾತಿಯವರೂ ಸಕ್ಕರಿ ಓದಿಸುವ ಸೀಮೆ. ಓಟು ಕೇಳಲು ಬಂದವರು, ಯಾವ ಪಕ್ಷದವರೇ ಆಗಲಿ, ಧರ್ಮದ ಮಾತು ತೆಗೆದರೆ ನಾವು ಧಾರಣೆಯ ಮಾತು ತೆಗೆಯೋಣ. ಸಾಲದ ಬಗ್ಗೆ ಏನು ಮಾಡ್ತೀರಿ ಅಂತ ಕೇಳೋಣ. ಉತ್ತರ ಇಲ್ಲದವನೇ ನೆರೆಯವನ ಕಡೆ ಬೆರಳು ತೋರಿಸ್ತಾನೆ. ಆ ಬೆರಳು ನೋಡ್ತಾ ನಿಂತರೆ ನಮ್ಮ ಹೊಲ ಹೋಗ್ತದೆ.